ಆರಂಭಶೂರ, ಮರೆಗುಳಿ, ಸೋಮಾರಿ: ದೊಡ್ಡವರಲ್ಲಿ ಎಡಿಎಚ್‌ಡಿ ಗುರುತಿಸೋದು ಹೇಗೆ

"ಬುದ್ಧಿ ಇದೆ, ಉಪಯೋಗಿಸಲ್ಲ." "ತಲೆ ಎಲ್ಲಿಟ್ಟುಕೊಂಡಿರ್ತೀಯ?" "ಬರೀ ಆರಂಭಶೂರತ್ವ." "ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ."

ಇವುಗಳಲ್ಲಿ ಎರಡು ಮೂರು ಮಾತು ಚಿಕ್ಕಂದಿನಿಂದ ನಿಮ್ಮ ಬೆನ್ನು ಹತ್ತಿ ಬಂದಿವೆಯಾ? ಮೊದಲು ಮೇಷ್ಟ್ರು ಅಂದರು, ಆಮೇಲೆ ಅಪ್ಪ ಅಮ್ಮ, ಆಮೇಲೆ ಬಾಸ್, ಈಗ ಗಂಡನೋ ಹೆಂಡತಿಯೋ. ಬಾಯಿ ಬೇರೆ ಬೇರೆ, ಮಾತು ಮಾತ್ರ ಅದೇ. ಹಾಗಿದ್ದರೆ ಈ ಬರಹ ನಿಮಗೆ. ಅಪರೂಪಕ್ಕೊಮ್ಮೆ ಕೀ ಎಲ್ಲಿಟ್ಟೆ ಅಂತ ಹುಡುಕುವವರಿಗಲ್ಲ, ಅದು ಎಲ್ಲರೂ ಮಾಡೋದೇ.

ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾಗಿದ್ದು 37ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದಕ್ಕೆ ನಾನೇ ಇಟ್ಟುಕೊಂಡಿದ್ದ ಹೆಸರು ಸೋಮಾರಿತನ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾರೂ ತಮಗೆ ತಾವೇ ಕಾಯಿಲೆ ಬರೆದುಕೊಳ್ಳಬೇಡಿ. ಡಾಕ್ಟರ್ ಹತ್ತಿರ ಹೋಗಬೇಕಾ ಬೇಡ್ವಾ, ಹೋದರೆ ಏನು ಹೇಳಬೇಕು ಅಂತ ಗೊತ್ತುಮಾಡಿಕೊಳ್ಳೋಕೆ ಇದು ಸಾಕು, ಅಷ್ಟೇ.

ಹೆಸರೇ ದಾರಿ ತಪ್ಪಿಸುತ್ತದೆ

ಎಡಿಎಚ್‌ಡಿಯ ಪೂರ್ತಿ ಹೆಸರು ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಅದನ್ನು ಕೇಳಿದರೆ ಗಮನವೇ ಇಲ್ಲದವರು, ಕೂತಲ್ಲಿ ಕೂರದವರು ಅನಿಸುತ್ತದೆ. ನಿಜ ಅಂದರೆ ಗಮನಕ್ಕೇನೂ ಬರ ಇಲ್ಲ. ಕೆರೆ ತುಂಬ ನೀರಿದೆ, ತೂಬು ಮಾತ್ರ ನಮ್ಮ ಮಾತು ಕೇಳಲ್ಲ. ಹರಿಸಬೇಕಾದ ಹೊತ್ತಿಗೆ ಹನಿಯೂ ಬರಲ್ಲ, ಬೇಡದ ಹೊತ್ತಿಗೆ ತಾನಾಗೇ ತೆರೆದುಕೊಂಡು ರಾತ್ರಿ ಮೂರರವರೆಗೆ ಹರಿಯುತ್ತದೆ. ಹಾಗಾಗಿ "ಅವನಿಗೆ ಎಡಿಎಚ್‌ಡಿ ಹೇಗಿರುತ್ತೆ, ಗೇಮ್ ಆಡೋಕೆ ಕೂತರೆ ಐದು ಗಂಟೆ ಅಲ್ಲಾಡಲ್ಲ" ಅನ್ನೋ ವಾದ ನಿಲ್ಲಲ್ಲ. ಇಷ್ಟವಾದ, ಹೊಸದಾದ, ಅಥವಾ ಕುತ್ತಿಗೆಗೆ ಬಂದ ಕೆಲಸದಲ್ಲಿ ಮುಳುಗಿಹೋಗೋದು, ಮುಖ್ಯವಾದರೂ ನೀರಸವಾದ ಕೆಲಸವನ್ನು ಮುಟ್ಟೋಕೇ ಆಗದಿರೋದು, ಇವೆರಡೂ ಒಂದೇ ತೊಂದರೆಯ ಎರಡು ಮುಖ.

ಒಂದು ಉದಾಹರಣೆ ಕೊಡ್ತೀನಿ, ನನ್ನದೇ. ಇನ್ಶೂರೆನ್ಸ್‌ನ ಒಂದು ಫಾರಂ ತುಂಬಿ ಕಳಿಸಬೇಕಿತ್ತು. ಎರಡು ಪುಟ. 23 ದಿನ ಟೈಮ್ ಇತ್ತು. ಅಷ್ಟೂ ದಿನ ಅದು ನೆನಪಿತ್ತು. ಸ್ನಾನ ಮಾಡುವಾಗ ನೆನಪಾಗುತ್ತಿತ್ತು, ಗಾಡಿ ಓಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ. ಮೇಜಿನ ಮುಂದೆ ಕೂತಾಗ ಮಾತ್ರ ಇಲ್ಲ. ಒಂದು ಭಾನುವಾರ ಕೂತಲ್ಲೇ ನೆನಪಾಯಿತು. ಪೆನ್ ತಗೊಂಡೆ, ಹೆಸರು ಬರೆದೆ, ಪಾಲಿಸಿ ನಂಬರ್ ಬೇಕಾಯಿತು, ಬೀರು ತೆಗೆದೆ, ಫೈಲ್ ಎಳೆದೆ, ಅದರ ಜೊತೆ ಹಳೇ ಫೋಟೋಗಳ ಕವರ್ ಬಿತ್ತು. ಮುಕ್ಕಾಲು ಗಂಟೆ ಆದಮೇಲೆ ನೋಡಿದರೆ ನಾನು ನೆಲದ ಮೇಲೆ ಕೂತು ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದೆ. ಫಾರಂ ಅವುಗಳ ಕೆಳಗೆ ಎಲ್ಲೋ ಇತ್ತು. ಕೊನೇ ದಿನ ಸಂಜೆ ಎದೆ ಡವಡವ ಅನ್ನುವಾಗ ಕೂತು ತುಂಬಿದೆ. ಎಂಟು ನಿಮಿಷ. ಎಂಟೇ ನಿಮಿಷ!

ಸೋಮಾರಿಗೆ ಕೆಲಸ ಮಾಡದೆ ಇರೋದರಲ್ಲಿ ಒಂದು ಸುಖ ಇರುತ್ತದೆ. ನನಗೆ ಆ 23 ದಿನದಲ್ಲಿ ಒಂದು ದಿನವೂ ಅದು ಸಿಗಲಿಲ್ಲ. ಈ ವ್ಯತ್ಯಾಸ ಗಮನಿಸಿ, ಮುಂದೆ ಬೇಕಾಗುತ್ತದೆ.

ದೊಡ್ಡವರಲ್ಲಿ ಇದು ಹೇಗೆ ಕಾಣುತ್ತದೆ

ಮಕ್ಕಳಲ್ಲಾದರೆ ಬೆಂಚಿನಿಂದ ಬೆಂಚಿಗೆ ಹಾರೋದು ಎದ್ದು ಕಾಣುತ್ತದೆ. ದೊಡ್ಡವರು ಹಾರಲ್ಲ. ಚಡಪಡಿಕೆ ಮೈಯಿಂದ ತಲೆಯೊಳಗೆ ಇಳಿದಿರುತ್ತದೆ. ಮೀಟಿಂಗ್‌ನಲ್ಲಿ ಕಾಲು ಕುಣಿಯುತ್ತಿರುತ್ತದೆ, ಪೆನ್ ಕ್ಯಾಪ್ ಹಲ್ಲಿಗೆ ಸಿಕ್ಕಿ ಜಜ್ಜಿಹೋಗಿರುತ್ತದೆ, ತಲೆಯೊಳಗೆ ಒಂದೇ ಸಲ ನಾಲ್ಕು ರೇಡಿಯೋ. ಸುಮ್ನೆ ಕೂತು ವಿಶ್ರಾಂತಿ ತಗೋ ಅಂದರೆ ಅದೇ ದೊಡ್ಡ ಶಿಕ್ಷೆ.

ಗಮನದ ತೊಂದರೆ ಇನ್ನೂ ಮೆತ್ತಗೆ ಬರುತ್ತದೆ. ಎದುರಿನವರು ಮಾತಾಡುತ್ತಿದ್ದಾರೆ, ನೀವು ತಲೆಯಾಡಿಸುತ್ತಿದ್ದೀರಿ, ಮಧ್ಯೆ ಎಲ್ಲೋ ಜಾರಿಹೋಗಿದ್ದೀರಿ, "ಹಾಗಾದ್ರೆ ಏನ್ಮಾಡೋಣ?" ಅಂದಾಗ ವಾಪಸ್ ಬರುತ್ತೀರಿ. ಒಂದೇ ಪುಟ ನಾಲ್ಕು ಸಲ ಓದುತ್ತೀರಿ. ಕೆಲಸದ ತೊಂಬತ್ತು ಭಾಗ ಮುಗಿದಿರುತ್ತದೆ, ಉಳಿದ ಹತ್ತು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಅಕೌಂಟ್‌ನಲ್ಲಿ ದುಡ್ಡಿದ್ದೂ ಬಿಲ್ ಕಟ್ಟದೆ ದಂಡ ತೆರುತ್ತೀರಿ. ಬೀರುವಿನ ಒಳಗೆ ಹೋದ ವಸ್ತು ನಿಮ್ಮ ಪಾಲಿಗೆ ಈ ಲೋಕದಲ್ಲೇ ಇಲ್ಲ.

ದುಡುಕು ಇನ್ನೊಂದು. ಎದುರಿನವರ ವಾಕ್ಯ ಮುಗಿಯೋಕೆ ಬಿಡದೆ ಬಾಯಿ ಹಾಕೋದು (ಮರೆತುಹೋಗುತ್ತೆ ಅನ್ನೋ ಭಯಕ್ಕೆ, ಸೊಕ್ಕಿಗಲ್ಲ), ಬೇಕೋ ಬೇಡವೋ ಯೋಚಿಸದೆ ಕೊಂಡುಬಿಡೋದು, ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕೋದು, ಕೇಳಿದವರಿಗೆಲ್ಲ "ಹೂಂ, ಮಾಡ್ತೀನಿ" ಅಂದು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರೋದು.

ಆಮೇಲೆ ಟೈಮ್. ನಮ್ಮಲ್ಲಿ ಅನೇಕರಿಗೆ ಎರಡೇ ಹೊತ್ತು: ಈಗ, ಆಮೇಲೆ. ಮೂರು ಗಂಟೆಗೆ ಒಂದು ಕೆಲಸ ಇದ್ದರೆ ಬೆಳಗ್ಗೆಯಿಂದ ಬೇರೇನೂ ಮಾಡೋಕಾಗದೆ ಕಾಯುತ್ತಾ ಕೂರುತ್ತೇವೆ, ಕೊನೆಗೆ ಅದಕ್ಕೂ ಲೇಟಾಗಿ ಹೋಗುತ್ತೇವೆ. ತಮಾಷೆಯಾಗಿ ಕಾಣಬಹುದು, ಕೆಲಸ ಕಳೆದುಕೊಂಡವರಿಗೆ ತಮಾಷೆ ಅಲ್ಲ.

ಭಾವನೆಗಳ ಏರುಪೇರು ಅಧಿಕೃತ ಲಕ್ಷಣಗಳ ಪಟ್ಟಿಯಲ್ಲಿಲ್ಲ. ಆದರೂ ತುಂಬ ಜನರಿಗೆ ಜಾಸ್ತಿ ಪೆಟ್ಟು ಕೊಡೋದು ಇದೇ. ಸಣ್ಣ ಟೀಕೆಗೆ ಎರಡು ದಿನ ನಿದ್ದೆ ಕೆಡೋದು, ಫಕ್ಕನೆ ಸಿಟ್ಟು ಬಂದು ಅಷ್ಟೇ ಬೇಗ ಇಳಿಯೋದು. ನಿಮ್ಮದು ಇಳಿದಿರುತ್ತದೆ, ಎದುರಿನವರದು ಇಳಿದಿರಲ್ಲ.

"ಇದೆಲ್ಲ ಎಲ್ಲರಿಗೂ ಆಗುತ್ತೆ"

ಹೌದು, ಆಗುತ್ತದೆ. ಈ ಮಾತನ್ನು ನೀವು ಸಾವಿರ ಸಲ ಕೇಳಿರುತ್ತೀರಿ, ಮುಂದೂ ಕೇಳುತ್ತೀರಿ. ಅದಕ್ಕೇ ಲಕ್ಷಣಗಳ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಕೂತರೆ ಪ್ರಯೋಜನ ಕಮ್ಮಿ. ಏನು ಆಗುತ್ತದೆ ಅನ್ನೋದಕ್ಕಿಂತ ಯಾವಾಗಿಂದ, ಎಲ್ಲೆಲ್ಲಿ, ಅದಕ್ಕೆ ಎಷ್ಟು ತೆತ್ತಿದ್ದೀರಿ ಅಂತ ಕೇಳಿಕೊಳ್ಳಬೇಕು. ಮನೋವೈದ್ಯರು ನೋಡೋದೂ ಇದನ್ನೇ.

ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಶನ್ 2013ರಲ್ಲಿ ತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಡಿಎಸ್‌ಎಂ-5 ಅನ್ನೋ ಕೈಪಿಡಿಯಲ್ಲಿ ಇದಕ್ಕೆ ಒಟ್ಟು 18 ಲಕ್ಷಣಗಳಿವೆ. ಗಮನಕ್ಕೆ ಸೇರಿದ್ದು ಒಂಬತ್ತು, ಚಡಪಡಿಕೆ ಮತ್ತು ದುಡುಕಿಗೆ ಸೇರಿದ್ದು ಒಂಬತ್ತು. ಮಕ್ಕಳಿಗೆ ಯಾವುದಾದರೂ ಒಂದು ಗುಂಪಿನಲ್ಲಿ ಆರು ಇರಬೇಕು. 17 ತುಂಬಿದವರಿಗೆ ಐದು ಸಾಕು. ಕನಿಷ್ಠ ಆರು ತಿಂಗಳಿಂದ ಇರಬೇಕು. ಇಷ್ಟರ ಮೇಲೆ ನಿಜವಾದ ಜರಡಿ ಶುರುವಾಗುತ್ತದೆ: ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು, ಒಂದಕ್ಕಿಂತ ಜಾಸ್ತಿ ಕಡೆ ಕಾಣಬೇಕು, ಬದುಕಿಗೆ ತೊಂದರೆ ಕೊಡುತ್ತಿರಬೇಕು, ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ಮುಂಚೆ ಈ ವಯಸ್ಸಿನ ಮಿತಿ 7 ಇತ್ತು. ದೊಡ್ಡವರಾದ ಮೇಲೆ ಏಳನೇ ವಯಸ್ಸಿನ ನೆನಪು ಯಾರಿಗಿರುತ್ತದೆ ಹೇಳಿ.

ಆಫೀಸಿನಲ್ಲಿ ಮಾತ್ರ ಗಮನ ನಿಲ್ಲಲ್ಲ, ಮನೆಯಲ್ಲಿ ಎಲ್ಲ ಸರಿ ಅಂದರೆ ತೊಂದರೆ ಆಫೀಸಿನದೇ ಇರಬಹುದು. ಕಳೆದ ವರ್ಷದಿಂದ ಮಾತ್ರ ಹೀಗೆ ಅಂದರೆ ಕಳೆದ ವರ್ಷ ಏನಾಯಿತು ಅಂತ ಹುಡುಕಿ. ಎಡಿಎಚ್‌ಡಿ ನಲವತ್ತಕ್ಕೆ ಹೊಸದಾಗಿ ಬಂದು ಬಾಗಿಲು ತಟ್ಟುವ ನೆಂಟ ಅಲ್ಲ. ಅದು ಹುಟ್ಟಿನಿಂದ ಮನೆಯಲ್ಲೇ ಇರುತ್ತದೆ, ಕೆಲವೊಮ್ಮೆ ಬಚ್ಚಿಟ್ಟುಕೊಂಡಿರುತ್ತದೆ.

ಬಚ್ಚಿಟ್ಟುಕೊಳ್ಳೋದು ಹೇಗೆ ಅಂದರೆ

ಇದರ ಮೇಲೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನನ್ನನ್ನೂ ಹತ್ತು ವರ್ಷ ತಪ್ಪುದಾರಿಗೆ ಎಳೆದದ್ದು ಇದೇ. ಓದಿನಲ್ಲಿ ಮುಂದಿದ್ದೆ, ಕೆಲಸ ಇದೆ, ಮನೆ ಇದೆ, ಮತ್ತೆ ನನಗೇನು ಕಾಯಿಲೆ? ಹಾಗಂದುಕೊಂಡಿದ್ದೆ. ಶಾಲೆಯಲ್ಲಿದ್ದಾಗ ಬೆಳಗ್ಗೆ ಎಬ್ಬಿಸೋದು ಅಮ್ಮ, ಬ್ಯಾಗ್ ನೋಡೋದು ಅಮ್ಮ, "ಹೋಂವರ್ಕ್ ಆಯ್ತಾ" ಅಂತ ನಾಲ್ಕು ಸಲ ಕೇಳೋದು ಅಮ್ಮ. ನನ್ನ ತಲೆ ಮಾಡಬೇಕಾದ ಅರ್ಧ ಕೆಲಸವನ್ನು ಇನ್ನೊಬ್ಬರ ತಲೆ ಮಾಡುತ್ತಿತ್ತು. ಹಾಸ್ಟೆಲ್‌ಗೆ ಹೋದ ವರ್ಷವೇ ಎಲ್ಲ ಕುಸಿಯಿತು. ಕೆಲವರಿಗೆ ಆ ಕುಸಿತ ಮೊದಲ ಕೆಲಸದಲ್ಲಿ ಬರುತ್ತದೆ, ಕೆಲವರಿಗೆ ಬಡ್ತಿ ಸಿಕ್ಕಿ ಇನ್ನೊಬ್ಬರ ಕೆಲಸ ನೋಡಿಕೊಳ್ಳಬೇಕಾದಾಗ, ಕೆಲವರಿಗೆ ಮಗು ಹುಟ್ಟಿದಾಗ. ಹೊಸ ಕಾಯಿಲೆ ಬಂದಿರಲ್ಲ. ಒರಗಿಕೊಂಡಿದ್ದ ಗೋಡೆ ಹೋಗಿರುತ್ತದೆ.

ಇನ್ನು ಕೆಲವರು ಗೋಡೆಯನ್ನು ತಾವೇ ಕಟ್ಟಿಕೊಂಡಿರುತ್ತಾರೆ. ಹತ್ತು ಅಲಾರಂ, ಎಲ್ಲೆಲ್ಲೂ ಚೀಟಿ, ಹೊರಡುವ ಮುಂಚೆ ಬಾಗಿಲು ಮೂರು ಸಲ ನೋಡೋದು, ಎಲ್ಲರೂ ನಾಲ್ಕು ಗಂಟೆಯಲ್ಲಿ ಮಾಡೋದನ್ನು ರಾತ್ರಿ ಕೂತು ಒಂಬತ್ತು ಗಂಟೆಯಲ್ಲಿ ಮಾಡಿ ಬೆಳಗ್ಗೆ ನಗುತ್ತಾ ಕೊಡೋದು. ಹೊರಗಿನಿಂದ ನೋಡಿದರೆ ಶಿಸ್ತಿನ ಮನುಷ್ಯ. ಒಳಗೆ ಸುಸ್ತು. ನಿಮ್ಮ ಫಲಿತಾಂಶ ಚೆನ್ನಾಗಿದ್ದರೂ ಅದಕ್ಕೆ ಕೊಟ್ಟ ಬೆಲೆ ಉಳಿದವರಿಗಿಂತ ಎರಡರಷ್ಟಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಡಾಕ್ಟರಿಗೆ ಅದನ್ನೂ ಹೇಳಬೇಕು.

ಹೆಂಗಸರ ವಿಷಯದಲ್ಲಿ ಈ ಬಚ್ಚಿಡೋದು ಇನ್ನೂ ಜಾಸ್ತಿ. ಕಿಟಕಿ ಆಚೆ ನೋಡುತ್ತಾ ಸುಮ್ನೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡಲ್ಲ, ಹಾಗಾಗಿ ಯಾರೂ ಅವಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲ್ಲ. ಬೆಳೆದ ಮೇಲೆ ಆತಂಕ, ಖಿನ್ನತೆ ಅಂತ ಚಿಕಿತ್ಸೆ ತಗೊಂಡು, ಎಷ್ಟೋ ವರ್ಷಕ್ಕೆ ಮೂಲ ಸಿಗುತ್ತದೆ. ಮಗನಿಗೋ ಮಗಳಿಗೋ ಎಡಿಎಚ್‌ಡಿ ಅಂತ ಗೊತ್ತಾಗಿ, ಡಾಕ್ಟರ್ ಪ್ರಶ್ನೆ ಕೇಳುತ್ತಾ ಹೋದ ಹಾಗೆ "ಅಯ್ಯೋ, ಇದು ನಾನೇ" ಅಂತ ತಾಯಿಗೆ ಹೊಳೆಯೋದು ಅಪರೂಪವೇನಲ್ಲ. ಇದು ಮನೆತನದಲ್ಲಿ ಬರುವಂಥದ್ದು. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ಶೇಕಡಾ 70ಕ್ಕೂ ಜಾಸ್ತಿ ಪಾಲು ವಂಶವಾಹಿಗಳದ್ದು. ಬೆಳೆಸಿದ ರೀತಿಯಿಂದ ಬಂದದ್ದಲ್ಲ, ಅಪ್ಪ ಅಮ್ಮನನ್ನು ದೂರೋದು ಬೇಡ.

ಎರಡು ವಾರ ನಿಮ್ಮನ್ನು ನೀವೇ ನೋಡಿಕೊಳ್ಳಿ

ಡೈರಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಎಡಿಎಚ್‌ಡಿ ಅನುಮಾನ ಇರುವವರಿಗೆ ಎರಡು ವಾರ ತಪ್ಪದೆ ಡೈರಿ ಬರೆ ಅನ್ನೋದು ಈಜು ಬರದವನಿಗೆ ಆಚೆ ದಡಕ್ಕೆ ಬಾ ಅಂದ ಹಾಗೆ. ಮೂರನೇ ದಿನಕ್ಕೆ ಪುಸ್ತಕವೇ ಸಿಗಲ್ಲ. ಅದರ ಬದಲು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಿ. ಎಡವಿದ ಗಳಿಗೆಯಲ್ಲೇ, ಒಂದೇ ಸಾಲು, ಬೇಕಾದರೆ ವಾಯ್ಸ್ ನೋಟ್. ದಿನಾಂಕ, ಗಂಟೆ ತಾನಾಗೇ ಬೀಳುತ್ತದೆ.

"ಮರೆವು ಜಾಸ್ತಿ" ಅಂತ ಬರೆಯಬೇಡಿ, ಅದರಿಂದ ಯಾರಿಗೂ ಏನೂ ಗೊತ್ತಾಗಲ್ಲ. "ಒಲೆ ಮೇಲೆ ನೀರಿಟ್ಟು ಮರೆತೆ, ಪಾತ್ರೆ ಸೀದುಹೋಯಿತು, ಈ ವಾರ ಎರಡನೇ ಸಲ" ಅಂತ ಬರೆಯಿರಿ. ಏನಾಯಿತು, ಎಲ್ಲಿ, ಅದರಿಂದ ಏನು ಕೆಟ್ಟಿತು. ಜೊತೆಗೆ ಹಿಂದಿನ ರಾತ್ರಿ ಎಷ್ಟು ನಿದ್ದೆ ಆಗಿತ್ತು ಅಂತಲೂ ಹಾಕಿ. ಏನೂ ಎಡವದೆ ಚೆನ್ನಾಗಿ ಹೋದ ದಿನವನ್ನೂ ಬರೆಯಿರಿ. ಅವತ್ತು ಏನು ಬೇರೆ ಇತ್ತು? ಯಾರಾದರೂ ಪಕ್ಕದಲ್ಲಿದ್ದರಾ, ಡೆಡ್‌ಲೈನ್ ಇತ್ತಾ, ಕೆಲಸ ಹೊಸದಾ?

ಇನ್ನೊಂದು ಕೆಲಸ, ಬಾಲ್ಯದ ಸಾಕ್ಷಿ ಹುಡುಕೋದು. ಹಳೇ ಮಾರ್ಕ್ಸ್ ಕಾರ್ಡ್ ಇದ್ದರೆ ತೆಗೆಯಿರಿ. ಅಂಕ ಬಿಡಿ, ಕೆಳಗೆ ಟೀಚರ್ ಬರೆದ ಎರಡು ಪದ ನೋಡಿ. ನನ್ನದರಲ್ಲಿ ಮೂರು ವರ್ಷ ಬೇರೆ ಬೇರೆ ಕೈಬರಹದಲ್ಲಿ ಒಂದೇ ಮಾತಿತ್ತು: "ಗಮನವಿಲ್ಲ, ಅಜಾಗರೂಕತೆಯ ತಪ್ಪುಗಳು." ಮಾರ್ಕ್ಸ್ ಕಾರ್ಡ್ ಇಲ್ಲದಿದ್ದರೆ ಅಕ್ಕ, ಅಣ್ಣ, ಚಿಕ್ಕಮ್ಮ, ಯಾರು ನಿಮ್ಮನ್ನು ಹತ್ತು ವರ್ಷದೊಳಗೆ ನೋಡಿದ್ದಾರೋ ಅವರನ್ನು ಕೇಳಿ. "ನನಗೆ ಎಡಿಎಚ್‌ಡಿ ಇತ್ತಾ" ಅಂತ ಕೇಳಬೇಡಿ. "ಚಿಕ್ಕವನಿದ್ದಾಗ ನಾನು ಹೇಗಿದ್ದೆ, ಯಾವುದಕ್ಕೆ ಬೈಸಿಕೊಳ್ಳುತ್ತಿದ್ದೆ" ಅಂತ ಕೇಳಿ ಸುಮ್ಮನಾಗಿ. ಅವರು ನಗುನಗುತ್ತಾ ಹೇಳುವ ಕಥೆಗಳಲ್ಲೇ ವಿಷಯ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಜ್ಞರು ಮಾಡಿದ ಒಂದು ಪ್ರಶ್ನಾವಳಿಯೂ ಇದೆ, ಹೆಸರು ಎಎಸ್‌ಆರ್‌ಎಸ್. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 18 ಪ್ರಶ್ನೆ, ಅದರಲ್ಲಿ ಮೊದಲ ಆರು ಮುಖ್ಯ. ಕೆಲಸದ ಕೊನೇ ಹಂತ ಮುಗಿಸೋದು ಕಷ್ಟವಾ, ತುಂಬ ಯೋಚಿಸಬೇಕಾದ ಕೆಲಸವನ್ನು ಶುರು ಮಾಡದೆ ಮುಂದಕ್ಕೆ ಹಾಕುತ್ತೀರಾ, ಇಂಥವು. ಆ ಆರರಲ್ಲಿ ನಾಲ್ಕೋ ಜಾಸ್ತಿಯೋ ಗುರುತು ಹಾಕಿದ ಬಣ್ಣದ ಚೌಕದೊಳಗೆ ಬಿದ್ದರೆ ಪೂರ್ತಿ ಪರೀಕ್ಷೆ ಮಾಡಿಸೋದು ಒಳ್ಳೆಯದು ಅಂತ ಅರ್ಥ. ಕಾಯಿಲೆ ಇದೆ ಅಂತ ಅಲ್ಲ. ಹೋಗುವಾಗ ಅದರ ಪ್ರಿಂಟ್ ತಗೊಂಡು ಹೋಗಿ.

ರೀಲ್ಸ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. 2022ರಲ್ಲಿ ಕೆನಡಾದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ, ಎಡಿಎಚ್‌ಡಿ ಬಗ್ಗೆ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಜನ ನೋಡಿದ 100 ವಿಡಿಯೋಗಳನ್ನು ಪರೀಕ್ಷಿಸಿದ್ದರು. 52 ತಪ್ಪು ಮಾಹಿತಿ ಕೊಡುತ್ತಿದ್ದವು. ನಾನೂ ಮೊದಲು ಇದನ್ನು ಕೇಳಿದ್ದು ವಿಡಿಯೋದಲ್ಲೇ, ಸುಳ್ಳು ಹೇಳಲ್ಲ. ಅಲ್ಲಿಂದ ಅನುಮಾನ ಶುರುವಾಗಲಿ, ಅಲ್ಲೇ ತೀರ್ಪು ಮುಗಿಯೋದು ಬೇಡ.

ಎಡಿಎಚ್‌ಡಿ ವೇಷ ಹಾಕುವ ಬೇರೆಯವು

ಮೊದಲನೇದು ನಿದ್ದೆ. ದಿನಾ ಐದು ಗಂಟೆ ಮಲಗುವವರಿಗೆ, ಅಥವಾ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಎಚ್ಚರ ಆಗುವ ಸ್ಲೀಪ್ ಆಪ್ನಿಯಾ ಇರುವವರಿಗೆ ಹಗಲಿನಲ್ಲಿ ಆಗೋದೆಲ್ಲ ಪಕ್ಕಾ ಎಡಿಎಚ್‌ಡಿ ಥರವೇ ಇರುತ್ತದೆ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಇವು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಮಾಡಿಸಿಬಿಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮರೆವು, ಗಮನದ ತೊಂದರೆ ಹೊಸದಾಗಿ ಬರಬಹುದು. ಕುಡಿತ, ಗಾಂಜಾ, ಕೆಲವು ಮಾತ್ರೆಗಳೂ ಇದೇ ಕೆಲಸ ಮಾಡುತ್ತವೆ.

ಮನಸ್ಸಿಗೆ ಸಂಬಂಧಿಸಿದವನ್ನು ಬೇರೆ ಮಾಡೋದು ಇನ್ನೂ ಕಷ್ಟ. ಒಂದು ಸುಳಿವು ಕಾಲ. ಖಿನ್ನತೆಗೆ ಸಾಮಾನ್ಯವಾಗಿ ಒಂದು ಶುರು ಇರುತ್ತದೆ, ಅದಕ್ಕೆ ಮುಂಚೆ ನೀವು ಬೇರೆ ಥರ ಇದ್ದಿರಿ ಅಂತ ನಿಮಗೇ ಗೊತ್ತಿರುತ್ತದೆ. ಖಿನ್ನತೆಯಲ್ಲಿ ಇಷ್ಟದ ಕೆಲಸವೂ ಬೇಡ ಅನಿಸುತ್ತದೆ, ಎಡಿಎಚ್‌ಡಿಯಲ್ಲಿ ಇಷ್ಟದ ಕೆಲಸದಿಂದ ಏಳೋಕೇ ಆಗಲ್ಲ. ಆತಂಕದಲ್ಲಿ ಗಮನ ಹೋಗೋದು ಭಯದ ಕಡೆಗೆ, ನಮ್ಮಲ್ಲಿ ಸಿಕ್ಕ ಕಡೆಗೆ. ಬೈಪೋಲಾರ್ ಇರುವವರಲ್ಲಿ ಅತಿಯಾದ ಹುರುಪು, ನಿದ್ದೆಯೇ ಬೇಡ ಅನ್ನೋ ಸ್ಥಿತಿ ಅಲೆ ಅಲೆಯಾಗಿ ಬಂದು ಹೋಗುತ್ತದೆ. ಎಡಿಎಚ್‌ಡಿಗೆ ಅಂಥ ರಜೆ ಇಲ್ಲ. ಆದರೆ ಇವನ್ನು ಪೂರ್ತಿ ನಂಬಿ ಕೂರಬೇಡಿ, ಏಕೆಂದರೆ ಎರಡು ಮೂರು ಒಟ್ಟಿಗೆ ಇರೋದೇ ಜಾಸ್ತಿ. ವರ್ಷಗಟ್ಟಲೆ ಬೈಸಿಕೊಂಡವರಿಗೆ ಖಿನ್ನತೆ ಬರೋದರಲ್ಲಿ ಆಶ್ಚರ್ಯ ಏನಿದೆ?

ಬದುಕೋದೇ ಬೇಡ ಅನಿಸುತ್ತಿದ್ದರೆ ಎಡಿಎಚ್‌ಡಿ ಹೌದಾ ಅಲ್ಲವಾ ಅನ್ನೋದೆಲ್ಲ ಆಮೇಲೆ. ಇವತ್ತೇ ಹತ್ತಿರದವರಿಗೆ ಹೇಳಿ, ಇವತ್ತೇ ಡಾಕ್ಟರ್ ನೋಡಿ.

ಡಾಕ್ಟರ್ ಹತ್ತಿರ

ನೋಡಬೇಕಾದ್ದು ಮನೋವೈದ್ಯರನ್ನು. ಕ್ಲಿನಿಕಲ್ ಸೈಕಾಲಜಿಸ್ಟ್ ಕೂಡ ಪರೀಕ್ಷೆ ಮಾಡುತ್ತಾರೆ, ಮಾತ್ರೆ ಬೇಕಾದರೆ ಮನೋವೈದ್ಯರೇ ಬರೆಯಬೇಕು. ಫೋನ್ ಮಾಡಿದಾಗಲೇ "ದೊಡ್ಡವರ ಎಡಿಎಚ್‌ಡಿ ನೋಡುತ್ತೀರಾ" ಅಂತ ಕೇಳಿಬಿಡಿ. ಇದನ್ನು ಹೇಳೋ ರಕ್ತ ಪರೀಕ್ಷೆ ಇಲ್ಲ, ತಲೆಯ ಸ್ಕ್ಯಾನ್ ಇಲ್ಲ. ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಪತ್ತೆ ಹಚ್ಚುತ್ತೇವೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ನಡೆಯೋದು ಮಾತುಕತೆ, ತಾಳ್ಮೆಯ ಮಾತುಕತೆ: ಬಾಲ್ಯ, ಓದು, ಕೆಲಸ, ಸಂಸಾರ, ನಿದ್ದೆ, ಚಟ. ಹತ್ತು ನಿಮಿಷದಲ್ಲಿ "ಇದೆ" ಅಂದರೂ ಅನುಮಾನ ಪಡಿ, ಹತ್ತು ನಿಮಿಷದಲ್ಲಿ "ಇಲ್ಲ" ಅಂದರೂ ಅನುಮಾನ ಪಡಿ.

ಒಳಗೆ ಹೋದ ತಕ್ಷಣ "ನನಗೆ ಎಡಿಎಚ್‌ಡಿ ಇದೆ" ಅನ್ನಬೇಡಿ. ಘಟನೆ ಹೇಳಿ. ಆ ವಾಟ್ಸಾಪ್ ಮೆಸೇಜ್‌ಗಳಲ್ಲಿ ಐದಾರು ಆಯ್ದು ಒಂದು ಹಾಳೆ ಮೇಲೆ ಬರೆದುಕೊಂಡು ಹೋಗಿ, ಏಕೆಂದರೆ ಅಲ್ಲಿ ಕೂತ ಮೇಲೆ ಎಲ್ಲ ಮರೆತು "ಹಾಗೇನಿಲ್ಲ, ಪರವಾಗಿಲ್ಲ" ಅಂದುಬಿಡುತ್ತೀರಿ. ಸಾಧ್ಯವಾದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕುಡಿತ, ಸಿಗರೇಟ್, ಬೇರೆ ಏನಾದರೂ ಇದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ, ಹಠಾತ್ ಸಾವು ಆಗಿದ್ದರೆ, ನಿಮಗೋ ಮನೆಯವರಿಗೋ ಬೈಪೋಲಾರ್ ಇದ್ದರೆ ಹೇಳಲೇಬೇಕು. ಮಾತ್ರೆ ಯಾವುದು ಕೊಡಬಹುದು, ಯಾವುದು ಕೊಡಬಾರದು ಅನ್ನೋದು ಇದರ ಮೇಲೆ ನಿಲ್ಲುತ್ತದೆ.

"ದೊಡ್ಡವರಿಗೆ ಇದೆಲ್ಲ ಬರಲ್ಲ" ಅಂತ ಈಗಲೂ ಹೇಳುವವರು ಸಿಗಬಹುದು. ಅದಕ್ಕೆ ಕಾರಣ ಹಳೇದು. ಅದೇ ಅಮೆರಿಕನ್ ಸಂಸ್ಥೆಯ 1968ರ ಕೈಪಿಡಿಯಲ್ಲಿ ಇದಕ್ಕಿದ್ದ ಹೆಸರೇ ಮಕ್ಕಳ ಅತಿಚಟುವಟಿಕೆ ಅನ್ನೋ ಅರ್ಥದ್ದು. ಬೆಳೆದರೆ ಸರಿಹೋಗುತ್ತದೆ ಅಂತ ತುಂಬ ಕಾಲ ನಂಬಿದ್ದರು. ಎಲ್ಲರಿಗೂ ಹಾಗೆ ಆಗಲ್ಲ. ದೊಡ್ಡವರಲ್ಲಿ ಸುಮಾರು ಶೇಕಡಾ 2.5ರಷ್ಟು ಜನರಿಗೆ ಇದು ಇದೆ ಅನ್ನೋದು ಈಗ ತಜ್ಞರು ಒಪ್ಪುವ ಲೆಕ್ಕ. ಅಂದರೆ ನಲವತ್ತರಲ್ಲಿ ಒಬ್ಬರು. ಇನ್ನು "ಮೊಬೈಲ್ ಬಂದಮೇಲೆ ಬಂದ ಕಾಯಿಲೆ" ಅನ್ನುವವರಿಗೆ ಒಂದು ಮಾತು: ಸ್ಕಾಟ್ಲೆಂಡಿನ ಡಾಕ್ಟರ್ ಅಲೆಕ್ಸಾಂಡರ್ ಕ್ರೈಟನ್ ಗಮನ ಒಂದೆಡೆ ನಿಲ್ಲದ ಈ ಸ್ವಭಾವದ ಬಗ್ಗೆ ಬರೆದದ್ದು 1798ರಲ್ಲಿ.

ಎಲ್ಲ ನೋಡಿ, ಸರಿಯಾಗಿ ಕೇಳಿ, "ಇದು ಎಡಿಎಚ್‌ಡಿ ಅಲ್ಲ" ಅಂದರೆ? "ಹಾಗಾದರೆ ಏನು" ಅಂತ ಕೇಳಿ. ನಿಮ್ಮ ತೊಂದರೆ ಸುಳ್ಳಾಗಲ್ಲ, ಹೆಸರು ಬೇರೆ ಆಗುತ್ತದೆ. ಥೈರಾಯ್ಡ್ ಅಂತ ಗೊತ್ತಾದರೆ ಅದು ಒಳ್ಳೇ ಸುದ್ದಿಯೇ, ಅಲ್ವಾ?

ಹೌದು ಅಂದಮೇಲೆ

ಮಾತ್ರೆಗಳಲ್ಲಿ ಮುಖ್ಯವಾದವು ಸ್ಟಿಮ್ಯುಲಂಟ್‌ಗಳು, ಅಂದರೆ ಮೆದುಳನ್ನು ಚುರುಕುಗೊಳಿಸುವಂಥವು. ಅವುಗಳಲ್ಲಿ ಮೀಥೈಲ್‌ಫೆನಿಡೇಟ್ ಹಳೆಯದು, 1944ರಲ್ಲಿ ಮೊದಲು ತಯಾರಾಯಿತು. ತಗೊಂಡ ದಿನವೇ ಕೆಲಸ ಮಾಡುತ್ತದೆ, ಕೆಲವು ಗಂಟೆ ಆದಮೇಲೆ ಇಳಿಯುತ್ತದೆ. ಆಟೊಮಾಕ್ಸೆಟಿನ್ ಸ್ಟಿಮ್ಯುಲಂಟ್ ಅಲ್ಲ, ಅದರ ಗುಣ ಕಾಣೋಕೆ ಕೆಲವು ವಾರ ಬೇಕು. ಹಸಿವು ಕಮ್ಮಿಯಾಗೋದು, ನಿದ್ದೆ ಬರದಿರೋದು, ನಾಡಿ ಮತ್ತು ಬಿಪಿ ಏರೋದು ಸಾಮಾನ್ಯ ಅಡ್ಡಪರಿಣಾಮಗಳು. ಹಾಗಾಗಿ ಶುರು ಮಾಡುವ ಮುಂಚೆಯೂ ಆಮೇಲೂ ಬಿಪಿ, ನಾಡಿ, ತೂಕ ನೋಡುತ್ತಾರೆ. ಸರಿಯಾದ ಡೋಸ್ ಸಿಗೋಕೆ ನಾಲ್ಕಾರು ಭೇಟಿ ಬೇಕಾಗಬಹುದು. ಸ್ನೇಹಿತರ ಮಾತ್ರೆ "ಒಂದು ಸಲ ನೋಡೋಣ" ಅಂತ ನುಂಗಬೇಡಿ. ಅದರಿಂದ ಗಮನ ನಿಂತರೆ ಎಡಿಎಚ್‌ಡಿ ಇದೆ ಅಂತಲೂ ಸಾಬೀತಾಗಲ್ಲ, ಇಲ್ಲದವರಿಗೂ ಅದು ಒಂದಿಷ್ಟು ಎಚ್ಚರ ಕೊಡುತ್ತದೆ.

ಮಾತ್ರೆ ಗಮನ ಕೊಡುತ್ತದೆ, ಅಭ್ಯಾಸ ಕೊಡಲ್ಲ. ಮೊದಲ ವಾರ ನಾನು ಮಾತ್ರೆ ತಗೊಂಡು ಅಪಾರ ಶ್ರದ್ಧೆಯಿಂದ ಮೂರು ಗಂಟೆ ಕಂಪ್ಯೂಟರ್ ಫೋಲ್ಡರ್‌ಗಳ ಹೆಸರು ಬದಲಾಯಿಸಿದೆ. ಅಭ್ಯಾಸಕ್ಕೆ ದೊಡ್ಡವರಿಗೆಂದೇ ರೂಪಿಸಿದ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಇದೆ. ಅದರ ಮೂಲ ತತ್ವ ನನಗೆ ಹಿಡಿಸಿದ್ದು: ತಲೆಯೊಳಗೆ ಇಟ್ಟುಕೊಳ್ಳಬೇಕಾದ್ದನ್ನೆಲ್ಲ ತಲೆಯ ಹೊರಗೆ ಇಡು.

ಇದನ್ನು ಮಾಡೋಕೆ ಯಾರ ಚೀಟಿಯೂ ಬೇಡ, ಇವತ್ತೇ ಶುರು ಮಾಡಬಹುದು. ಕೂತಲ್ಲಿಂದ ಕಾಣೋ ಹಾಗೆ ಮುಳ್ಳಿನ ಗಡಿಯಾರ ಹಾಕಿ. ಫೋನ್‌ನಲ್ಲಿ ಟೈಮ್ ನೋಡೋಕೆ ಹೋದವರು ವಾಪಸ್ ಬಂದ ಉದಾಹರಣೆ ಇಲ್ಲ. ಅಲಾರಂ ಹೊರಡುವ ಹೊತ್ತಿಗೆ ಇಡಬೇಡಿ, ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಇಡಿ. ಮರೆಯಬಾರದ ವಸ್ತುವನ್ನು ಬಾಗಿಲಿಗೆ ಅಡ್ಡ ಇಡಿ, ಎಡವಿಯಾದರೂ ನೆನಪಾಗಲಿ. ಕೆಲಸ ದೊಡ್ಡದಿದ್ದರೆ "ರಿಪೋರ್ಟ್ ಬರೆಯೋದು" ಅಂತ ಪಟ್ಟಿ ಮಾಡಬೇಡಿ, "ಫೈಲ್ ತೆಗೆದು ತಲೆಬರಹ ಟೈಪ್ ಮಾಡೋದು" ಅಂತ ಹಾಕಿ. ಎಲ್ಲಕ್ಕಿಂತ ಜಾಸ್ತಿ ನನಗೆ ನೆರವಾದದ್ದು ಪಕ್ಕದಲ್ಲಿ ಇನ್ನೊಬ್ಬರು ಕೂರೋದು. ಅವರು ಏನೂ ಮಾಡಬೇಕಿಲ್ಲ, ಅವರ ಪಾಡಿಗೆ ಅವರು ಪೇಪರ್ ಓದುತ್ತಿದ್ದರೂ ಸಾಕು. ಏಕೆ ಹೀಗೆ ಅಂತ ಕೇಳಬೇಡಿ, ಕೆಲಸ ಆಗುತ್ತದೆ.

ಜೊತೆಗಿರುವವರು ಇದನ್ನು ಓದುತ್ತಿದ್ದರೆ, ಬಾಯಲ್ಲಿ ಹೇಳಿದ್ದನ್ನು ಒಂದು ಸಾಲು ಮೆಸೇಜ್ ಮಾಡಿ. "ಎಷ್ಟು ಸಲ ಹೇಳೋದು" ಅನ್ನುವ ಜಗಳ ಅರ್ಧ ಕಮ್ಮಿಯಾಗುತ್ತದೆ. ಪೂರ್ತಿ ನಿಲ್ಲುತ್ತದೆ ಅಂತ ನಾನು ಮಾತು ಕೊಡಲ್ಲ, ನಮ್ಮನೇಲೂ ನಿಂತಿಲ್ಲ.

ಕೊನೇ ತೊಡಕು ಅಪಾಯಿಂಟ್‌ಮೆಂಟ್ ತಗೊಳ್ಳೋದೇ. ಫೋನ್ ಮಾಡಬೇಕು, ದಿನ ಗೊತ್ತುಮಾಡಬೇಕು, ಅದನ್ನು ನೆನಪಿಟ್ಟುಕೊಂಡು ಟೈಮಿಗೆ ಸರಿಯಾಗಿ ಹೋಗಬೇಕು, ಅಂದರೆ ನಮಗೆ ಯಾವುದು ಆಗಲ್ಲವೋ ಅದಷ್ಟನ್ನೂ ಸರಿಯಾಗಿ ಮಾಡಿದರೆ ಮಾತ್ರ ನಮಗೆ ಅದು ಆಗಲ್ಲ ಅಂತ ಹೇಳುವವರು ಸಿಗುತ್ತಾರೆ. ನಾನು ನಂಬರ್ ಸೇವ್ ಮಾಡಿಕೊಂಡು ನಾಲ್ಕು ತಿಂಗಳು ಕೂತಿದ್ದೆ. ಒಂದು ದಿನ ಅಕ್ಕ ಪಕ್ಕದಲ್ಲಿ ಬಂದು ಕೂತಳು, ನನ್ನ ಫೋನ್ ಕಿತ್ತುಕೊಂಡು ಡಯಲ್ ಮಾಡಿ, ರಿಂಗ್ ಆಗುತ್ತಿರುವಾಗಲೇ ನನ್ನ ಕಿವಿಗೆ ಹಿಡಿದಳು. ನಿಮಗೂ ಅಂಥ ಒಬ್ಬರಿದ್ದರೆ ಇದನ್ನು ಅವರಿಗೆ ಕಳಿಸಿ, ದಿನವನ್ನು ಅವರ ಕ್ಯಾಲೆಂಡರ್‌ನಲ್ಲೂ ಹಾಕಿಸಿ, ಬರೆದ ಹಾಳೆಯನ್ನು ಈಗಲೇ ಬ್ಯಾಗಿಗೆ ಹಾಕಿಡಿ.